ಲಾಟ್ ಅಂದ್ರೆ 'ತುಂಬಾ' ಅಂತ ಸ್ಕೂಲಲ್ಲಿ ಹೇಳ್ಕೊಟ್ರು, ಹಾಗಾದ್ರೆ ಪಾರ್ಕಿಂಗ್ ಲಾಟ್ ಅಂದ್ರೆ ತುಂಬಾ ಪಾರ್ಕಿಂಗಾ? ಅಲಾಟ್‌ಗೂ ಇದಕ್ಕೂ ಏನ್ ಸಂಬಂಧ?

ನಿಮ್ ಪ್ರಶ್ನೆ ನೋಡಿ ನಗು ಬಂತು, ಯಾಕಂದ್ರೆ ಮೊದಲ್ನೇ ಕೆಲಸಕ್ಕೆ ಸೇರಿದಾಗ ಮ್ಯಾನೇಜರ್‌ಗೆ 'ಥ್ಯಾಂಕ್ಯೂ ಅಲಾಟ್ ಸರ್' ಅಂತ ಎರಡು ಎಲ್ ಹಾಕಿ ಮೇಲ್ ಕಳಿಸಿದೋನು ನಾನು. ಅವ್ರು ಕರೆದು 'ಎಲ್ಲಿ ಸೈಟ್ ಅಲಾಟ್ ಮಾಡ್ಲಪ್ಪ ನಿಂಗೆ' ಅಂದ್ರು. ಇಡೀ ಆಫೀಸು ಒಂದು ವಾರ ನನ್ನ 'ಸೈಟು' ಅಂತಾನೆ ಕರೀತು.

ನಾನು ಶಿಡ್ಲಘಟ್ಟದ ಕಡೆಯೋನು, ಮನೇಲಿ ರೇಷ್ಮೆ. ಇಂಗ್ಲಿಷಿನ ಲಾಟ್ ಗೊತ್ತಾಗೋಕ್ ಮುಂಚೆನೇ ನಂಗೆ ಗೂಡಿನ ಲಾಟು ಗೊತ್ತಿತ್ತು, ಆದ್ರೆ ಎರಡೂ ಒಂದೇ ಪದ ಅಂತ ತುಂಬಾ ವರ್ಷ ಹೊಳೀಲೇ ಇಲ್ಲ ನೋಡಿ. ಚಂದ್ರಿಕೆಯಿಂದ (ರೇಷ್ಮೆ ಹುಳ ಗೂಡು ಕಟ್ಟೋ ತಟ್ಟೆ) ಗೂಡು ಬಿಡಿಸಿ, ಕಲೆ ಗೂಡು, ಎರಡು ಹುಳ ಸೇರಿ ಕಟ್ಟಿದ ಡಬಲ್ ಗೂಡು ಎಲ್ಲಾ ಆರಿಸಿ ತೆಗೆದು, ಬೆಳಗ್ಗೆನೇ ಮಾರ್ಕೆಟ್‌ಗೆ ತಗೊಂಡ್ ಹೋಗಿ ಸುರಿದ್ರೆ ಅದಕ್ಕೊಂದು ಲಾಟ್ ನಂಬರ್ ಬೀಳುತ್ತೆ. ಗೂಡಿಂದ ನೂಲು ತೆಗೆಯೋ ರೀಲರುಗಳು ಬಂದು ಒಂದು ಹಿಡಿ ಎತ್ತಿ ಬೆರಳಲ್ಲಿ ಒತ್ತಿ ನೋಡಿ, ಏನೂ ಮಾತಾಡ್ದೆ ಮುಂದಕ್ಕೆ ಹೋಗ್ತಾರೆ. ಈಗ ಕೂಗೋದಿಲ್ಲ, ಮೊಬೈಲಲ್ಲೇ ಲಾಟ್ ನಂಬರ್‌ಗೆ ರೇಟ್ ಹಾಕ್ತಾರೆ, ರೇಟ್ ಸರಿ ಹೋಗ್ಲಿಲ್ಲ ಅಂದ್ರೆ ರೈತ ಒಪ್ಪದೇ ಇರಬೋದು. ಅಲ್ಲಿ 'ಲಾಟು' ಅಂದ್ರೆ ಜಾಸ್ತಿ ಅಂತ ಅಲ್ವೇ ಅಲ್ಲ, ಹತ್ತು ಕೇಜಿ ಗೂಡಿದ್ರೂ ಅದೊಂದು ಲಾಟೇ. ಹರಾಜಿಗೆ ಬಿಡಿಬಿಡಿಯಾಗಿ ವಿಂಗಡಿಸಿಟ್ಟ ಒಂದು ಪಾಲು, ಅಷ್ಟೆ. ಕೋಲಾರದ ಟೊಮೇಟೊ ಮಂಡೀಲೂ ಅದೇ ಲೆಕ್ಕ, 15 ಕೇಜಿ ಬಾಕ್ಸುಗಳನ್ನ ಜೋಡಿಸಿ ಒಬ್ಬೊಬ್ಬ ರೈತನ ಮಾಲನ್ನ ಬೇರೆಬೇರೆಯಾಗಿ ಕೂಗ್ತಾರೆ.

ಈಗ ನಿಮ್ ಪ್ರಶ್ನೆಗೆ ಬರ್ತೀನಿ. ಲಾಟ್ ಅನ್ನೋದರ ಹಳೇ ಅರ್ಥ 'ತುಂಬಾ' ಅಲ್ಲ, ಚೀಟಿ. ಅಂದ್ರೆ ಹಳೇ ಇಂಗ್ಲಿಷಲ್ಲಿ, ಯಾರಿಗೆ ಏನು ಅಂತ ತೀರ್ಮಾನ ಮಾಡೋಕೆ ಎತ್ತುತಿದ್ದ ಮರದ ಚೂರೋ ಇನ್ನೊಂದೋ, ಅದು ಲಾಟ್. ಈಗ್ಲೂ ಎಂಎಲ್‌ಎ ಎಲೆಕ್ಷನ್ನಲ್ಲಿ ಇಬ್ಬರಿಗೆ ಸಮ ಓಟ್ ಬಿದ್ರೆ ಚೀಟಿ ಎತ್ತಬೇಕು ಅಂತ 1951ರ ಪ್ರಜಾಪ್ರತಿನಿಧಿ ಕಾಯ್ದೇಲೇ ಇದೆ, ಇಂಗ್ಲಿಷ್ ಪೇಪರ್‌ನವ್ರು ಅದನ್ನ 'ಡ್ರಾ ಆಫ್ ಲಾಟ್ಸ್' ಅಂತ ಬರೀತಾರೆ. ಲಾಟರಿ ಬಂದಿದ್ದೂ ಇದೇ ಬೇರಿಂದ. ನಮ್ ರಾಜ್ಯದಲ್ಲಿ 2007ರಲ್ಲಿ ಲಾಟರಿ ಬ್ಯಾನ್ ಆದ್ರೂ ಪದ ಮಾತ್ರ ಹೋಗಿಲ್ಲ, 2023ರ ಜುಲೈನಲ್ಲಿ ಟೊಮೇಟೊ ಬಾಕ್ಸು 2000 ದಾಟಿದಾಗ 'ಲಾಟ್ರಿ ಹೊಡೀತು' ಅಂದ್ರು, ಕಾಸಿಲ್ದೆ ಒದ್ದಾಡೋನ್ಗೂ 'ಲಾಟ್ರಿ ಹೊಡೀತಾವ್ನೆ' ಅಂತಾರೆ, ನಮ್ ಜನಕ್ಕೆ ಎರಡೂ ಒಂದೇ.

ಚೀಟಿ ಎತ್ತಿದ್ಮೇಲೆ ನಿಮಗೆ ಏನ್ ಬಂತೋ ಅದೂ ಲಾಟ್, ಅಂದ್ರೆ ಪಾಲು. ಪಾಲು ಹಂಚೋದು ಅಲಾಟ್. ಪಾಲಿಗೆ ಬಂದ ಜಾಗ ಕೂಡ ಲಾಟ್, ಹಾಗಾಗಿ ಅಮೆರಿಕಾದವ್ರಿಗೆ ಗಾಡಿ ನಿಲ್ಸೋ ಜಾಗ ಪಾರ್ಕಿಂಗ್ ಲಾಟ್ (ಬ್ರಿಟನ್ನಲ್ಲಿ ಅದೇ ಕಾರ್ ಪಾರ್ಕ್). ಹಣೇಲಿ ಬರೆದಿದ್ದೂ ಲಾಟೇ. ಇದು ಕನ್ನಡದವ್ರಿಗೆ ಬಿಡಿಸಿ ಹೇಳೋದೇ ಬೇಡ, 'ಪಾಲಿಗೆ ಬಂದದ್ದು ಪಂಚಾಮೃತ' ಅಂತೀವಲ್ಲ, ಆ ಪಾಲು ಹಂಚ್ಕೊಂಡಿದ್ದೂ ಹೌದು ಹಣೆಬರಹಾನೂ ಹೌದು. ಗೂಡು ಕಮ್ಮಿ ರೇಟಿಗೆ ಹೋದ ದಿನ ನಮ್ಮಪ್ಪ ಟವಲ್ ಒದರಿ ಹೆಗಲಿಗೆ ಹಾಕ್ಕೊಂಡು 'ನಮ್ ಪಾಲಿಗೆ ಇಷ್ಟೇ ಬುಡು' ಅಂತಿದ್ದಿದ್ದು ಅದೇ ಅರ್ಥದಲ್ಲಿ.

'ತುಂಬಾ' ಬಂದಿದ್ದು ಕೊನೆಗೆ. ಒಂದು ಪಾಲು, ಒಂದು ರಾಶಿ, ಆಮೇಲೆ ರಾಶಿ ಅಂದ್ರೆನೇ ಜಾಸ್ತಿ. ನಾವೂ 'ರಾಶಿ ಕೆಲಸ ಐತೆ' ಅಂತೀವಲ್ಲ ಹಂಗೆ.

ಬಳಸೋವಾಗ ನಮ್ಮೋರು ಜಾರೋದು ಮೂರು ಕಡೆ. 'ಎ' ನುಂಗಿ ಬರೀ 'ಲಾಟ್ ಆಫ್ ಪೀಪಲ್' ಅಂತೀವಿ, ಎ ಬೇಕೇ ಬೇಕು, ಅದೂ ಲಾಟ್‌ಗೆ ಅಂಟಿಸ್ದೆ ಗ್ಯಾಪ್ ಬಿಟ್ಟು. ಆಮೇಲೆ ಪೀಪಲ್ ಆದ್ರೆ 'ಆರ್', ವಾಟರ್ ಆದ್ರೆ 'ಈಸ್', 'ಆಫ್' ಆದ್ಮೇಲೆ ಬರೋ ಪದ ನೋಡ್ಕೊಂಡು ಹೋಗೋದು, ಲಾಟ್ಸ್ ಆಫ್ ಅಂದ್ರೂ ಇದೇ ಲೆಕ್ಕ. ಮೂರನೇದು ನಮ್ ಕನ್ನಡದಿಂದಾನೇ ಬರೋ ತಪ್ಪು, 'ತುಂಬಾ ಚೆನ್ನಾಗಿದೆ'ನ 'ಎ ಲಾಟ್ ಗುಡ್' ಮಾಡ್ಬಿಡ್ತೀವಿ. ಅಲ್ಲಿ 'ವೆರಿ ಗುಡ್' ಅನ್ನಿ. ಅದಕ್ಕಿಂತ ಇದು ಎಷ್ಟೋ ವಾಸಿ ಅನ್ನೋವಾಗ ಮಾತ್ರ 'ಎ ಲಾಟ್ ಬೆಟರ್' ನಡೆಯುತ್ತೆ. ಅರ್ಜಿ ಗಿರ್ಜಿ ಬರೀತಿದ್ರೆ ಮೆನಿ, ಮಚ್ ಹಾಕೋದು ಒಳ್ಳೇದು, ಎ ಲಾಟ್ ಸ್ವಲ್ಪ ಮನೆ ಮಾತಿನ ಥರ ಕೇಳ್ಸುತ್ತೆ. ಮ್ಯಾನೇಜರ್‌ಗೆ ಥ್ಯಾಂಕ್ಸ್ ಹೇಳೋದಿದ್ರೆ ಮಾತ್ರ ಎಲ್ ಎಣಿಸ್ಕೊಂಡು ಕಳಿಸಿ.