ಕಾಸರಗೋಡು ಕಡೆಯ ಮುತ್ತಜ್ಜನನ್ನು ಹುಡುಕುವವರಿಗೆ

ಬೆಂಗಳೂರಿನಿಂದಲೋ ಮುಂಬಯಿಯಿಂದಲೋ ಬಂದು ‘ನಮ್ಮ ಹಿರಿಯರು ಕಾಸರಗೋಡು ಕಡೆಯವರಂತೆ, ದಾಖಲೆ ಎಲ್ಲಿ ಸಿಕ್ಕೀತು?’ ಎಂದು ಕೇಳಿದರೆ, ಇಲ್ಲಿಯವರು ಉತ್ತರಕ್ಕೆ ಮೊದಲು ಎರಡು ಮರುಪ್ರಶ್ನೆ ಹಾಕುತ್ತಾರೆ. ಯಾವ ಇಸವಿಯ ಮಾತು? ಮನೆ ಹೆಸರೇನು?

ಇಸವಿ ಬೇಕಾಗುವುದು ಯಾಕೆಂದರೆ, ಕುಂಬಳೆ ಬಿಟ್ಟು ಕದಲದ ಮನುಷ್ಯನ ಕಾಗದಪತ್ರಗಳೂ ನಾಲ್ಕು ಊರಲ್ಲಿ ಹಂಚಿಹೋಗಿರಬಹುದು. 1956ರ ನವೆಂಬರ್ 1ರ ತನಕ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು, ಮೇಲಿನ ಆಡಳಿತ ಮದ್ರಾಸಿನದು. ಅಂದು ಕೇರಳಕ್ಕೆ ಹೋಯಿತು. 1957ರ ಜನವರಿಯಿಂದ ಕಣ್ಣೂರು ಜಿಲ್ಲೆ, 1984ರ ಮೇ 24ಕ್ಕೆ ಪ್ರತ್ಯೇಕ ಜಿಲ್ಲೆ. ಹಾಗಾಗಿ 1930ರ ಸಿವಿಲ್ ದಾವೆ ಅಪೀಲಿಗೆ ಹೋಗಿದ್ದರೆ ಅದರ ಜಾಡು ಮಂಗಳೂರು, ಮದ್ರಾಸಿನ ಕಡೆಗೆ; 1960ರದ್ದಾದರೆ ತಲಶೇರಿಗೆ. ಹಳೆಯ ಕಂದಾಯ ಕಡತಕ್ಕೆ ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇನ್ನೂ ಹಿಂದಿನ ಕಾಗದಗಳಲ್ಲಿ ‘ಬೇಕಲ ತಾಲೂಕು’ ಎಂದಿದ್ದರೆ ಬೇರೆ ಊರೆಂದು ಬದಿಗಿಡಬೇಡಿ, ಕಾಸರಗೋಡು ಆಗ ಅದರಲ್ಲೇ ಇತ್ತು.

ಮನೆ ಹೆಸರಿಲ್ಲದೆ ಹೊರಡುವುದೇ ಬೇಡ. ಐತಪ್ಪ, ಮಹಾಲಿಂಗ ಎಂಬವರು ಗ್ರಾಮಕ್ಕೆ ಹತ್ತಾರು ಮಂದಿ. ಗುತ್ತು, ಬೀಡು, ತರವಾಡು ಎಂಬ ಮೂಲಮನೆಯ ಹೆಸರು ಅಥವಾ ಜಾಗದ ಹೆಸರು ಗೊತ್ತಿದ್ದರೆ ಮಾತ್ರ ನಿಮ್ಮವರು ಬೇರೆಯಾಗಿ ಕಾಣುತ್ತಾರೆ.

ಹೊರಗಿನವರು ಎಡವುವುದು ಹೆಚ್ಚಾಗಿ ವಂಶದ ದಿಕ್ಕಿನಲ್ಲಿ. ಬಂಟರು, ಬಿಲ್ಲವರು ಮೊದಲಾದವರದು ಅಳಿಯಸಂತಾನ. ನಾಯರ್, ಮಣಿಯಾಣಿ ಮನೆಗಳದು ಮರುಮಕ್ಕತ್ತಾಯ, ಅದೂ ತಾಯಿಯ ಕಡೆಯ ವಂಶವೇ. ಹವ್ಯಕರು, ಕೊಂಕಣಿಗಳದು ಮಕ್ಕಳ ಸಂತಾನ, ಅಂದರೆ ತಂದೆಯ ಕಡೆಯಿಂದ. ಅಳಿಯಸಂತಾನದಲ್ಲಿ ಬರಿ (ಗೋತ್ರದಂಥ ಬಳಿ), ಕುಟುಂಬ, ಆಸ್ತಿ ಎಲ್ಲ ತಾಯಿಯ ಕಡೆಯಿಂದ. ಅಪ್ಪ, ಅಜ್ಜ ಎಂದು ಮೇಲೆ ಹತ್ತಿದರೆ ಪ್ರತಿ ತಲೆಮಾರಿಗೂ ಬೇರೆ ಕುಟುಂಬದ ಅಂಗಳಕ್ಕೆ ಹೋಗಿ ನಿಲ್ಲುತ್ತೀರಿ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಪೋಷಕರೆಂದು ಬರೆದಿರುವವರು ಸೋದರಮಾವ ಆಗಿರಬಹುದು. ಅವರನ್ನು ತಂದೆ ಎಂದು ಗುರುತು ಹಾಕಿಕೊಂಡರೆ ಮುಂದಿನದೆಲ್ಲ ತಪ್ಪು. ಈ ಮನೆತನಗಳಿಗೆ ಪಾಲುಪಟ್ಟಿಯೇ, ಅಂದರೆ ಆಸ್ತಿ ಹಂಚಿಕೊಂಡ ಪತ್ರವೇ, ಚಿನ್ನದಂಥ ದಾಖಲೆ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಪಾಲು ಕೇಳುವ ಹಕ್ಕನ್ನು ಕವರುಗಳಿಗೆ (ಒಬ್ಬ ಹೆಂಗಸಿನಿಂದ ಇಳಿದ ಕುಟುಂಬದ ಕವಲುಗಳಿಗೆ) ಕೊಟ್ಟ ಮೇಲೆ, ಕವರಿಗೆ ಮೂಲವಾದ ಹೆಂಗಸಿನಿಂದ ಹಿಡಿದು ಮೊಮ್ಮಕ್ಕಳವರೆಗೆ ಹೆಸರು ಬರೆದೇ ಪಾಲು ಮಾಡಬೇಕಾಯಿತು. ಮೂರು ತಲೆಮಾರು ಒಂದೇ ಕಾಗದದಲ್ಲಿ ಸಿಗುವುದು ಹೀಗೆ.

ಅದನ್ನು ಹುಡುಕಬೇಕಾದ ಜಾಗ ಸಬ್ ರಿಜಿಸ್ಟ್ರಾರ್ ಕಚೇರಿ. ಸ್ಥಿರಾಸ್ತಿಯ ಪತ್ರಗಳೆಲ್ಲ ಅಲ್ಲಿ ಒಂದನೇ ಪುಸ್ತಕದಲ್ಲಿ ನಕಲಾಗಿರುತ್ತವೆ. ಒಂದನೇ ಸೂಚಿ ಹೆಸರಿನದು, ಎರಡನೆಯದು ಆಸ್ತಿಯದು. 1908ರ ನೋಂದಣಿ ಕಾಯ್ದೆಯ 57ನೇ ಕಲಮಿನಂತೆ ಒಂದನೇ ಪುಸ್ತಕವನ್ನೂ ಅದರ ಸೂಚಿಯನ್ನೂ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಮರಣಶಾಸನದ ಮೂರನೇ ಪುಸ್ತಕ ಹಾಗಲ್ಲ: ಬರೆದವರು ತೀರಿದ ಮೇಲಷ್ಟೇ ಬೇರೆಯವರಿಗೆ ನಕಲು. ಅವರ ಮರಣ ಪ್ರಮಾಣಪತ್ರ ಜೊತೆಗಿರಲಿ. ಶುಲ್ಕ ವರ್ಷದ ಲೆಕ್ಕದಲ್ಲಿ ಬೀಳುವುದರಿಂದ ಐವತ್ತು ವರ್ಷ ಒಟ್ಟಿಗೆ ತೆಗೆಸುವ ಬದಲು ಸಾವು, ಮದುವೆ, ಪಾಲು ನಡೆದ ಕಾಲವನ್ನು ಮನೆಯ ಹಿರಿಯರಿಂದ ಕೇಳಿ ಐದಾರು ವರ್ಷಕ್ಕೆ ಇಳಿಸಿಕೊಳ್ಳಿ. ಹೆಸರಿನಿಂದ ಸಿಗದಿದ್ದರೆ ಸರ್ವೆ ನಂಬರು ಹಿಡಿದು ಎರಡನೇ ಸೂಚಿಗೆ ಹೋಗಿ. ಐತ, ಐತಪ್ಪ, ಐತ್ತಪ್ಪ ಎಂದು ಒಬ್ಬನೇ ಮೂರು ಕಡೆ ಕೂತಿರುತ್ತಾನೆ, ಸರ್ವೆ ನಂಬರು ಅಷ್ಟು ಚಂಚಲವಲ್ಲ. ಮರುಸರ್ವೆ ಆದ ಗ್ರಾಮವಾದರೆ ಮಾತ್ರ ಹಳೆ, ಹೊಸ ನಂಬರುಗಳ ತಾಳೆಪಟ್ಟಿ ಬೇಕು.

ಭೂಮಿಯ ವಿಷಯದಲ್ಲಿ ಒಂದು ಎಚ್ಚರ. ವರ್ಗ (ಭೂಹಿಡುವಳಿ) ರಿಜಿಸ್ಟರಿನಲ್ಲಿ ಇರುವುದು ತೀರ್ವೆ, ಅಂದರೆ ಭೂಕಂದಾಯ, ಕಟ್ಟುವ ವರ್ಗದಾರನ ಹೆಸರು. ಗದ್ದೆ ಉತ್ತವನ ಹೆಸರು ಅಲ್ಲಿ ಇರಬೇಕೆಂದಿಲ್ಲ. ವರ್ಗದಾರ ಸತ್ತು ಎಷ್ಟೋ ವರ್ಷವಾದರೂ ಹೆಸರು ಬದಲಾಗದೆ ಉಳಿದಿರುವುದೂ ಉಂಟು. ಆ ಹೆಸರು ಕಂಡಿತೆಂದು ಅವರು ಆ ಇಸವಿಯಲ್ಲಿ ಬದುಕಿದ್ದರು ಎಂದು ಬರೆದುಕೊಳ್ಳಬೇಡಿ. ನಿಮ್ಮವರು ಒಕ್ಕಲಾಗಿದ್ದರೆ ಮೂಲಗೇಣಿ (ಶಾಶ್ವತ ಗೇಣಿ) ಚೀಟು ನೋಂದಣಿಯಾಗಿರುವ ಸಾಧ್ಯತೆ ಇದೆ. ಒಡೆಯ ಬಿಡಿಸಬಹುದಾದ ಚಾಲಗೇಣಿಯದು ಸಿಕ್ಕಿದರೆ ಒಡೆಯರ ಮನೆಯ ಪೆಟ್ಟಿಗೆಯಲ್ಲೋ ದೇವಸ್ಥಾನದ ಲೆಕ್ಕದಲ್ಲೋ, ಇಷ್ಟು ಮುಡಿ ಅಕ್ಕಿ ಎಂಬ ಬರಹದ ಪಕ್ಕದಲ್ಲಿ. 1970ರ ನಂತರದ ಲ್ಯಾಂಡ್ ಟ್ರಿಬ್ಯೂನಲ್ ಕಡತ ಇನ್ನೂ ಉಪಯೋಗದ್ದು: ಪಟ್ಟಯ (ಹಕ್ಕುಪತ್ರ) ಕೊಡುವಾಗ ಗೇಣಿದಾರನ ವಾರಸುದಾರರನ್ನು ಅಲ್ಲಿ ಹೆಸರಿಸಿರುತ್ತಾರೆ.

ತಾರೀಕು ಓದುವಾಗ ಫಸಲಿ ಎಂಬ ಕಂದಾಯ ವರ್ಷಕ್ಕೆ 590 ಸೇರಿಸಿ; ಫಸಲಿ 1312 ಎಂದರೆ 1902ರ ಜುಲೈಯಿಂದ 1903ರ ಜೂನ್. ಬರೀ ‘ವಿಳಂಬಿ ಸಂವತ್ಸರ’ ಎಂದಿದ್ದರೆ ಅದು 1838–39, 1898–99, 1958–59, ಯಾವುದೂ ಆಗಬಹುದು. ಮುದ್ರಾಂಕ ಕಾಗದದಲ್ಲಿ ಯಾರ ಮುದ್ರೆ ಇದೆ ನೋಡಿ, ಗೊಂದಲ ಹೆಚ್ಚಾಗಿ ಅಲ್ಲೇ ಕಳೆಯುತ್ತದೆ.

ಪತ್ರಿಕೆಗಳಿಂದ ಶುರುಮಾಡುವವರೇ ಬಹಳ, ಅದು ಕೊನೆಗಿರಲಿ. 1843ರ ‘ಮಂಗಳೂರ ಸಮಾಚಾರ’ದಲ್ಲಿ ಕೃಷಿಕ ಮುತ್ತಜ್ಜ ಸಿಗುವುದಿಲ್ಲ. 1907ರಲ್ಲಿ ಶುರುವಾದ ‘ಸ್ವದೇಶಾಭಿಮಾನಿ’ಯಂಥ ಮಂಗಳೂರಿನ ಪತ್ರಿಕೆಗಳಲ್ಲೂ ಸಾಮಾನ್ಯರ ಹೆಸರು ಬರುವುದು ಕೋರ್ಟಿನ ನೋಟೀಸು, ಹರಾಜಿನ ಜಾಹೀರಾತುಗಳಲ್ಲಿ. ಪತ್ರದಿಂದ ಇಸವಿ, ತಿಂಗಳು ಗೊತ್ತಾದ ಮೇಲೆ ಆ ಸಂಚಿಕೆಗಳನ್ನು ತಿರುವಿ. ಅದಕ್ಕಿಂತ ಮದ್ರಾಸ್ ಸರಕಾರದ ಫೋರ್ಟ್ ಸೇಂಟ್ ಜಾರ್ಜ್ ಗೆಜೆಟ್ ವಾಸಿ. ರೈಲು 1907ಕ್ಕೆ ಮಂಗಳೂರು ಮುಟ್ಟಿತು. ಹಳಿಯ ಪಕ್ಕದ ಗ್ರಾಮದವರಾದರೆ ಅದಕ್ಕೆ ಹಿಂದಿನ ಕೆಲವು ವರ್ಷಗಳ ಭೂಸ್ವಾಧೀನ ಪ್ರಕಟಣೆಗಳಲ್ಲಿ ಸರ್ವೆ ನಂಬರಿನ ಎದುರು ಹಕ್ಕುದಾರರ ಹೆಸರು ನೋಡಿ. ಅಲ್ಲಿ ಕುಂಬಳೆ ‘ಕುಂಬ್ಲಾ’, ಹೊಸದುರ್ಗ ‘ಹೊಸ್ದ್ರುಗ್’.

ಕ್ರೈಸ್ತರಿಗೆ ದಾರಿ ಹತ್ತಿರ: ಬೇಳ, ಮಂಜೇಶ್ವರದ ಇಗರ್ಜಿಗಳು ಇಂದಿಗೂ ಮಂಗಳೂರು ಧರ್ಮಪ್ರಾಂತದವು, ಜ್ಞಾನಸ್ನಾನ ಮತ್ತು ಮದುವೆಯ ಪುಸ್ತಕ ಆಯಾ ಇಗರ್ಜಿಯಲ್ಲೇ ಕೇಳಬೇಕು. ಬಾಸೆಲ್ ಮಿಷನ್ ಸಭೆಯವರಾದರೆ ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನ ಸಂಗ್ರಹ.

ಅರ್ಜಿ ಕನ್ನಡದಲ್ಲೇ ಕೊಡಬಹುದು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಂತೆ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳು ಕನ್ನಡದಲ್ಲೇ ಉತ್ತರ ಕೊಡಬೇಕು. ಹಕ್ಕು ಬಿಡಬೇಡಿ; ಆದರೆ ಕೌಂಟರಿನಲ್ಲಿ ಕೂತವರಿಗೆ ಕನ್ನಡ ಬಾರದಿದ್ದರೆ ಕೆಲಸ ನಿಲ್ಲುತ್ತದೆ. ಜೊತೆಗೆ ಮಲಯಾಳದ ಒಂದು ಪ್ರತಿ ಇಡಿ, ಹಳೆಯ ಕನ್ನಡ ಮೋಡಿಬರಹ ಓದಬಲ್ಲ ಊರಿನ ದಸ್ತಾವೇಜು ಬರಹಗಾರರೊಬ್ಬರನ್ನು ಕರೆದೊಯ್ಯಿರಿ.