ಬಿಎಸ್ಸಿ ತುಂಬ ಹುಡುಗಿಯರು, ಮೆಕ್ಯಾನಿಕಲ್‌ನಲ್ಲಿ ಮಾತ್ರ ಏಕಿಲ್ಲ?

ನೀವು ಕೇಳಿರುವುದು ಎರಡು ವಿಷಯ. ಊರಿನ ಡಿಗ್ರಿ ಕಾಲೇಜಿನ ಬಿಎಸ್ಸಿ ತರಗತಿಯಲ್ಲಿ ಹುಡುಗಿಯರೇ ಹೆಚ್ಚಿರುವಾಗ ಮೆಕ್ಯಾನಿಕಲ್ ಎಂಜಿನಿಯರಿಂಗ್‌ನಲ್ಲಿ ಬೆರಳೆಣಿಕೆಯಷ್ಟೇ ಏಕೆ, ಅದು ಆಸಕ್ತಿಯ ವ್ಯತ್ಯಾಸವೇ ಎಂಬುದು ಒಂದು. ಮೆಕ್ಯಾನಿಕಲ್ಲೇ ಬೇಕು ಎಂದು ಹಟ ಹಿಡಿದಿರುವ ಮಗಳಿಗೆ ಕಾಲೇಜು ಹುಡುಕುವಾಗ ಏನು ನೋಡಬೇಕು ಎಂಬುದು ಇನ್ನೊಂದು.

ಮೊದಲು ಲೆಕ್ಕ ನೋಡೋಣ. ಕೇಂದ್ರ ಶಿಕ್ಷಣ ಸಚಿವಾಲಯದ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 2021-22ರಲ್ಲಿ ದೇಶದಲ್ಲಿ ಕಾಲೇಜು ಓದುತ್ತಿದ್ದವರು 4.33 ಕೋಟಿ, ಅವರಲ್ಲಿ ಹೆಣ್ಣುಮಕ್ಕಳು 2.07 ಕೋಟಿ. ವಿಜ್ಞಾನ ವಿಭಾಗದಲ್ಲಿದ್ದ 57.2 ಲಕ್ಷ ಮಂದಿಯಲ್ಲಿ 29.8 ಲಕ್ಷ ಹುಡುಗಿಯರು, 27.4 ಲಕ್ಷ ಹುಡುಗರು. ಅದೇ ದೇಶದ ಬಿಟೆಕ್, ಬಿಇಗೆ ಬಂದರೆ ಹತ್ತರಲ್ಲಿ ಸುಮಾರು ಮೂವರು ಮಾತ್ರ ಹುಡುಗಿಯರು. ಬಿಎಸ್ಸಿ ನರ್ಸಿಂಗ್‌ನಲ್ಲಿ ತಿರುಗುಮುರುಗು: ಹತ್ತರಲ್ಲಿ ಎಂಟು ಜನ ಹುಡುಗಿಯರೇ.

ಈ ಅಂಕಿಗಳನ್ನು ಓದುವಾಗ ಎರಡು ಕಡೆ ಎಡವುತ್ತಾರೆ. ಸಮೀಕ್ಷೆಯ 'ವಿಜ್ಞಾನ' ಎಂಬ ಗುಂಪಿನಲ್ಲಿ ಎಂಜಿನಿಯರಿಂಗ್ ಸೇರಿಲ್ಲ, ಅದರ ಕೋಷ್ಟಕ ಬೇರೆ. ಹಾಗಾಗಿ 'ವಿಜ್ಞಾನದಲ್ಲಿ ಹುಡುಗಿಯರೇ ಮುಂದೆ' ಎಂಬ ತಲೆಬರಹ ನೋಡಿ ತಾಂತ್ರಿಕ ಶಿಕ್ಷಣದಲ್ಲೂ ಸಮಸ್ಯೆ ಮುಗಿಯಿತು ಎಂದುಕೊಳ್ಳುವುದು ತಪ್ಪು. ಎರಡನೆಯದು ಲಿಂಗ ಸಮಾನತೆ ಸೂಚ್ಯಂಕ. ಅದು 1.01 ಎಂದರೆ ಕಾಲೇಜಿನಲ್ಲಿ ಹುಡುಗಿಯರು ಹೆಚ್ಚಿದ್ದಾರೆ ಎಂದಲ್ಲ. 18ರಿಂದ 23 ವಯಸ್ಸಿನ ಜನಸಂಖ್ಯೆಗೆ ಹೋಲಿಸಿದಾಗ ಹುಡುಗಿಯರ ದಾಖಲಾತಿ ಪ್ರಮಾಣ ಹುಡುಗರದಕ್ಕಿಂತ ತುಸು ಹೆಚ್ಚು ಎಂದು. ಆ ವಯಸ್ಸಿನ ಹುಡುಗಿಯರ ಸಂಖ್ಯೆಯೇ ದೇಶದಲ್ಲಿ ಕಡಿಮೆ ಇರುವುದರಿಂದ ಒಟ್ಟು ಪಾಲು ಇನ್ನೂ ಶೇ 48ರ ಆಸುಪಾಸಿನಲ್ಲೇ ಇದೆ.

ಇನ್ನು ಆಸಕ್ತಿಯ ಮಾತು. ಬಿಎಸ್ಸಿ ಫಿಸಿಕ್ಸ್ ಓದುವವಳು ದ್ವಿತೀಯ ಪಿಯುಸಿಯಲ್ಲಿ ಓದಿದ್ದು ಮೆಕ್ಯಾನಿಕಲ್‌ಗೆ ಹೋದ ಹುಡುಗನ ಅದೇ ಫಿಸಿಕ್ಸ್, ಅದೇ ಗಣಿತ. ಪಾಸಾಗುವ ಪ್ರಮಾಣದಲ್ಲಂತೂ ನಮ್ಮಲ್ಲಿ ವರ್ಷವರ್ಷವೂ ಹುಡುಗಿಯರೇ ಮುಂದೆ. ಅಂದರೆ ದಾರಿ ಕವಲೊಡೆಯುವುದು ಪಿಯುಸಿ ಮುಗಿದ ಮೇಲೆ. ಅಲ್ಲಿ ಮನೆಯವರು ಕೂತು ಹಾಕುವ ಲೆಕ್ಕವೇ ಬೇರೆ. ಮಗನಿಗಾದರೆ ಕೋಚಿಂಗ್‌ಗೆ, ಮ್ಯಾನೇಜ್‌ಮೆಂಟ್ ಸೀಟಿಗೆ ಸಾಲ ಮಾಡಿಯಾದರೂ ದುಡ್ಡು ಹೊಂದಿಸುತ್ತಾರೆ. ಮಗಳಿಗಾದರೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಹತ್ತಿರ, ಬೋಧನಾ ಶುಲ್ಕದ ವಿನಾಯಿತಿ ಇದೆ, ಬಿಎಸ್ಸಿ ಆದಮೇಲೆ ಬಿಎಡ್ ಮಾಡಿದರೆ ಟೀಚರ್ ಕೆಲಸ. ಬಿಎಸ್ಸಿಯಲ್ಲಿ ಹುಡುಗಿಯರು ಹೆಚ್ಚಿರುವುದಕ್ಕೆ ಒಂದು ಕಾರಣ, ಅದೇ ಬೆಂಚಿನ ಹುಡುಗರು ಎದ್ದು ಎಂಜಿನಿಯರಿಂಗ್‌ಗೋ ಕೆಲಸಕ್ಕೋ ಹೋಗಿರುವುದು. ಇದನ್ನು ಗೆಲುವು ಎಂದು ಮಾತ್ರ ಓದಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಆಸಕ್ತಿಯೇ ಕಾರಣವಾಗಿದ್ದರೆ ಅದು ದೇಶ, ಕಾಲ ನೋಡಿ ಇಷ್ಟೊಂದು ಬದಲಾಗುತ್ತಿರಲಿಲ್ಲ. ಅಮೆರಿಕದಲ್ಲಿ 1984ರ ಸುಮಾರಿಗೆ ಕಂಪ್ಯೂಟರ್ ಸೈನ್ಸ್ ಪದವಿ ಪಡೆದವರಲ್ಲಿ ಶೇ 37ರಷ್ಟು ಹೆಂಗಸರಿದ್ದರು, 2010ರ ಹೊತ್ತಿಗೆ ಶೇ 18ಕ್ಕೆ ಕುಸಿಯಿತು. ಅಲ್ಲಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1995ರಲ್ಲಿ ಕಂಪ್ಯೂಟರ್ ಸೈನ್ಸ್‌ಗೆ ಸೇರಿದವರಲ್ಲಿ ಹುಡುಗಿಯರು ಶೇ 7 ಇದ್ದದ್ದು 2000ದಲ್ಲಿ ಶೇ 42 ಆಯಿತು. ಐದು ವರ್ಷದಲ್ಲಿ ಯಾರ ಮೆದುಳೂ ಬದಲಾಗಲಿಲ್ಲ. ಮೊದಲೇ ಪ್ರೋಗ್ರಾಮಿಂಗ್ ಗೊತ್ತಿರಬೇಕೆಂಬ ಒಲವನ್ನು ಪ್ರವೇಶದಲ್ಲಿ ಕೈಬಿಟ್ಟರು, ಗೊತ್ತಿದ್ದವರಿಗೂ ಇಲ್ಲದವರಿಗೂ ಮೊದಲ ಕೋರ್ಸನ್ನು ಬೇರೆ ಬೇರೆ ಹಂತದಲ್ಲಿ ಇಟ್ಟರು. ನಮ್ಮಲ್ಲಿ ಕಂಪ್ಯೂಟರ್ ಸೈನ್ಸ್, ಎಲೆಕ್ಟ್ರಾನಿಕ್ಸ್ ತರಗತಿಗಳಲ್ಲಿ ಹುಡುಗಿಯರಿಗೆ ಬರ ಇಲ್ಲ, ಏಕೆಂದರೆ ಆಫೀಸಿನೊಳಗಿನ ಕೆಲಸ, ನಗರದ ಪಿಜಿ, ಕಂಪನಿ ಕ್ಯಾಬ್ ಎಲ್ಲ ಅಪ್ಪ ಅಮ್ಮಂದಿರಿಗೆ ಒಪ್ಪಿಗೆ.

ಮೆಕ್ಯಾನಿಕಲ್, ಮೈನಿಂಗ್ ಬ್ರಾಂಚ್‌ಗಳಿಗೆ ಕಾನೂನೇ ಅಡ್ಡ ನಿಂತಿತ್ತು. 1948ರ ಕಾರ್ಖಾನೆ ಕಾಯ್ದೆಯ 66ನೇ ಸೆಕ್ಷನ್ ಹೆಂಗಸರ ಕೆಲಸವನ್ನು ಬೆಳಿಗ್ಗೆ 6ರಿಂದ ಸಂಜೆ 7ಕ್ಕೆ ಸೀಮಿತಗೊಳಿಸಿತು. 1952ರ ಗಣಿ ಕಾಯ್ದೆಯ 46ನೇ ಸೆಕ್ಷನ್ ನೆಲದಡಿಯ ಗಣಿಯಲ್ಲಿ ಅವರನ್ನು ದುಡಿಸುವುದನ್ನೇ ನಿಷೇಧಿಸಿತು. ಕರ್ನಾಟಕದಲ್ಲಿ ಕಾರ್ಖಾನೆಗಳ ರಾತ್ರಿ ಪಾಳಿಗೆ ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿದ್ದು 2019ರಲ್ಲಿ. ಗಣಿಯಲ್ಲಿ ತಾಂತ್ರಿಕ, ಮೇಲ್ವಿಚಾರಣಾ ಹುದ್ದೆಗಳಿಗೆ ವಿನಾಯಿತಿ ಸಿಕ್ಕಿದ್ದೂ ಅದೇ ವರ್ಷ. ಅಲ್ಲಿಯವರೆಗೆ ಮೂರು ಪಾಳಿಯ ಕಾರ್ಖಾನೆಗೆ ಕ್ಯಾಂಪಸ್‌ನಿಂದ ಹುಡುಗಿಯರನ್ನು ಆರಿಸದಿರಲು ಕಂಪನಿಗೆ ಸಿದ್ಧ ಕಾರಣ ಇತ್ತು. ಕೆಲಸ ಸಿಗದ ಬ್ರಾಂಚಿಗೆ ಮಗಳನ್ನು ಕಳಿಸುವವರು ಯಾರು?

ವರ್ಕ್‌ಶಾಪಿನೊಳಗೂ ಒಂದು ವಿಷಯ ಇದೆ, ಬಹಳ ಸಣ್ಣದು, ಆದರೆ ಮುಖ್ಯ. ಫಿಟ್ಟಿಂಗ್ (ಲೋಹದ ತುಂಡನ್ನು ಅರದಿಂದ ಉಜ್ಜಿ ಅಳತೆಗೆ ತರುವ ಕೆಲಸ) ಮಾಡುವಾಗ ತುಂಡನ್ನು ಬಿಗಿಯಾಗಿ ಹಿಡಿಯುವ ವೈಸ್‌ನ ದವಡೆಯ ಮೇಲ್ಭಾಗ ನಿಂತವರ ಮೊಣಕೈ ಮಟ್ಟಕ್ಕೆ ಇರಬೇಕು. ಬೆಂಚಿನ ಎತ್ತರವನ್ನು ಸಾಮಾನ್ಯವಾಗಿ ಗಂಡಸರ ಎತ್ತರ ನೋಡಿ ಕೂರಿಸಿರುತ್ತಾರೆ. ಐದಡಿಯ ಹುಡುಗಿ ಅಲ್ಲಿ ಅರ ಹಿಡಿದರೆ ಹೆಗಲು ಮೇಲೇಳುತ್ತದೆ, ಅರ ಸಮತಟ್ಟಾಗಿ ಸಾಗದೆ ತೂಗಾಡುತ್ತದೆ, ತುಂಡಿನ ಅಂಚುಗಳು ಸವೆದು ನಡುಭಾಗ ಉಬ್ಬಿ ನಿಲ್ಲುತ್ತದೆ. ಮೂಲೆಮಟ್ಟ ನೋಡುವ ಟ್ರೈ ಸ್ಕ್ವೇರ್ ಇಟ್ಟರೆ ಸಂದಿಯಲ್ಲಿ ಬೆಳಕು ಕಾಣುತ್ತದೆ, 'ಕೈಯಲ್ಲಿ ಶಕ್ತಿ ಸಾಲದು' ಎಂಬ ತೀರ್ಪು ಬೀಳುತ್ತದೆ. ಕಾಲಡಿಗೆ 10-15 ಸೆಂಟಿಮೀಟರ್ ಎತ್ತರದ ಅಲುಗಾಡದ ಮರದ ಹಲಗೆ ಹಾಕಿದರೆ ಸಾಕು, ಅದೇ ಕೈ ನೇರ ಅರೆಯುತ್ತದೆ. ಕಾಲೇಜು ನೋಡಲು ಹೋದಾಗ ವರ್ಕ್‌ಶಾಪ್ ಒಳಗೆ ಹೋಗಿ ಈ ಹಲಗೆ ಇದೆಯೇ, ಹುಡುಗಿಯರ ಅಳತೆಯ ಬಾಯ್ಲರ್ ಸೂಟ್, ಸೇಫ್ಟಿ ಶೂ ಸಿಗುತ್ತವೆಯೇ ಎಂದು ನೋಡಿ. ಲೇತ್ ಮುಂದೆ ದುಪಟ್ಟಾ, ಬಳೆ, ಬಿಟ್ಟ ಕೂದಲು, ಕೈಗವಸು ಯಾವುದೂ ಕೂಡದು, ತುಂಡನ್ನು ಹಿಡಿದು ತಿರುಗುವ ಚಕ್ ಅವನ್ನು ಎಳೆದುಕೊಳ್ಳುತ್ತದೆ. ಸಡಿಲವಾದ ದೊಡ್ಡ ಸೂಟ್ ಕೂಡ ಅಷ್ಟೇ ಅಪಾಯ.

ಕಾಲೇಜಿನ ನಿಜಸ್ಥಿತಿ ತಿಳಿಯಲು ಬ್ರೋಷರ್ ಬೇಡ. ರ‍್ಯಾಂಕಿಂಗ್‌ಗೆ ಅರ್ಜಿ ಹಾಕಿದ ಕಾಲೇಜುಗಳು ಎನ್‌ಐಆರ್‌ಎಫ್‌ಗೆ (ಕೇಂದ್ರ ಸರ್ಕಾರದ ಕಾಲೇಜು ರ‍್ಯಾಂಕಿಂಗ್ ವ್ಯವಸ್ಥೆ) ಕೊಟ್ಟ ದಾಖಲೆಯನ್ನು ತಮ್ಮ ವೆಬ್‌ಸೈಟಿನಲ್ಲಿ ಹಾಕಿರುತ್ತವೆ. ಅದರಲ್ಲಿ ನಾಲ್ಕು ವರ್ಷದ ಪದವಿಯ ಒಟ್ಟು ಹುಡುಗರು, ಹುಡುಗಿಯರ ಸಂಖ್ಯೆ ಇರುತ್ತದೆ. ಆದರೆ ಬ್ರಾಂಚ್‌ವಾರು ಇರುವುದಿಲ್ಲ, ಇಲ್ಲೇ ಮೋಸ ಹೋಗುವುದು: ಒಟ್ಟು ಶೇ 40 ಎಂದು ಕಂಡರೂ ಅಷ್ಟೂ ಕಂಪ್ಯೂಟರ್ ವಿಭಾಗದ್ದೇ ಆಗಿರಬಹುದು. ಆದ್ದರಿಂದ ಮೆಕ್ಯಾನಿಕಲ್ ವಿಭಾಗದ ಮುಖ್ಯಸ್ಥರನ್ನೇ (ಎಚ್‌ಒಡಿ) ಕೇಳಿ: ಈಗ ಮೂರನೇ ವರ್ಷದಲ್ಲಿ ಎಷ್ಟು ಹುಡುಗಿಯರಿದ್ದಾರೆ, ಕಳೆದ ಬ್ಯಾಚಿನ ಹುಡುಗಿಯರು ಯಾವ ಕಂಪನಿಯ ಯಾವ ಹುದ್ದೆಗೆ ಹೋದರು, ವಿಭಾಗದ ಕಟ್ಟಡದಲ್ಲೇ ಹೆಣ್ಣುಮಕ್ಕಳ ಶೌಚಾಲಯ ಇದೆಯೇ, ಪ್ರಾಜೆಕ್ಟ್ ಲ್ಯಾಬ್ ಸಂಜೆ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ, ಹಾಸ್ಟೆಲ್ ಗೇಟ್ ಎಷ್ಟಕ್ಕೆ ಮುಚ್ಚುತ್ತದೆ. ಕೊನೆಯ ಎರಡು ಸಮಯ ತಾಳೆಯಾಗದಿದ್ದರೆ ಎಸ್‌ಎಇ ಬಾಹಾ ಥರದ ವಿದ್ಯಾರ್ಥಿ ಸ್ಪರ್ಧೆಗಳಿಗೆ ವಾಹನ ತಯಾರಿಸುವ ತಂಡಗಳಲ್ಲಿ ಹುಡುಗಿಯರ ಪಾಲಿಗೆ ರಿಪೋರ್ಟ್ ಬರೆಯುವ ಕೆಲಸವಷ್ಟೇ ಉಳಿಯುತ್ತದೆ.

ಸೀಟಿನ ವಿಷಯಕ್ಕೆ ಬಂದರೆ, ಸಿಇಟಿಯ ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕ, ಸಿಇಟಿ ಅಂಕ ಅರ್ಧರ್ಧ. ಹಾಗಾಗಿ ಬೋರ್ಡ್ ಪರೀಕ್ಷೆ ಚೆನ್ನಾಗಿ ಬರೆಯುವ ಹುಡುಗಿಗೆ ಇದು ಅನುಕೂಲದ ದಾರಿ. ಜೆಇಇ ಬರೆದಿದ್ದರೆ ಐಐಟಿ, ಎನ್‌ಐಟಿಗಳಲ್ಲಿ ಹುಡುಗಿಯರಿಗೆಂದೇ ಇರುವ ಹೆಚ್ಚುವರಿ ಸೀಟುಗಳನ್ನು ಬಿಡಬೇಡಿ. ಐಐಟಿಗಳಲ್ಲಿ ಹುಡುಗಿಯರು ಹತ್ತರಲ್ಲಿ ಒಬ್ಬರೂ ಇರದ ಸ್ಥಿತಿ ಇದ್ದುದರಿಂದ 2018ರಲ್ಲಿ ಶೇ 14, 2019ರಲ್ಲಿ 17, 2020ರಲ್ಲಿ 20 ಎಂಬ ಗುರಿ ಇಟ್ಟುಕೊಂಡು ಇವನ್ನು ಸೇರಿಸಿದರು. ಹುಡುಗರ ಸೀಟು ಕಿತ್ತು ಕೊಟ್ಟದ್ದಲ್ಲ, ಮೇಲೆ ಕೂಡಿಸಿದ್ದು. ಐಐಟಿ, ಎನ್‌ಐಟಿ ಸೀಟುಗಳನ್ನು ಹಂಚುವ ಜೋಸಾದ ಕಟ್‌ಆಫ್ ಪುಟದಲ್ಲಿ ಸುರತ್ಕಲ್ ಎನ್‌ಐಟಿಕೆ ನೋಡುವಾಗ 'ಹೋಮ್ ಸ್ಟೇಟ್' ಮತ್ತು 'ಫೀಮೇಲ್ ಓನ್ಲಿ' ಎರಡೂ ಇರುವ ಸಾಲನ್ನೇ ಓದಿ. 'ಜೆಂಡರ್ ನ್ಯೂಟ್ರಲ್' ಸಾಲು ನೋಡಿ ಸಿಗುವುದಿಲ್ಲ ಎಂದು ಆಯ್ಕೆಪಟ್ಟಿಯಿಂದ ತೆಗೆದುಹಾಕುವವರು ಎಷ್ಟೋ ಜನ.

ಸೀಟು ಸಿಕ್ಕ ಮೇಲೆ ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎಐಸಿಟಿಇ ಹುಡುಗಿಯರಿಗೆಂದೇ ಕೊಡುವ ಪ್ರಗತಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿ. ವರ್ಷಕ್ಕೆ 50,000 ರೂಪಾಯಿ, ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ಮೀರಿರಬಾರದು, ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳವರೆಗೆ ಸಿಗುತ್ತದೆ. ಹೊಸ ಅರ್ಜಿ ಮೊದಲ ವರ್ಷದಲ್ಲೇ ಹಾಕಬೇಕು, ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ಬಂದವರಾದರೆ ಎರಡನೇ ವರ್ಷ. ಆದಾಯ ಪ್ರಮಾಣಪತ್ರವನ್ನು ಕೌನ್ಸೆಲಿಂಗ್ ಹೊತ್ತಿಗೇ ಮಾಡಿಸಿಟ್ಟುಕೊಳ್ಳಿ. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದರಷ್ಟೇ ಸಾಲದು, ಕಾಲೇಜಿನ ನೋಡಲ್ ಅಧಿಕಾರಿ ಅದನ್ನು ಪರಿಶೀಲಿಸಿ ಮುಂದೆ ಕಳಿಸಬೇಕು. ಅಲ್ಲೇ ಅರ್ಜಿ ಕೂತುಬಿಡುವುದುಂಟು, ಕೊನೆಯ ದಿನಕ್ಕೆ ಮುಂಚೆ ಒಮ್ಮೆ ಸ್ಟೇಟಸ್ ನೋಡಿ ಅವರನ್ನು ಹೋಗಿ ಕಾಣಿ.