ಓದುಗರ ಪ್ರಶ್ನೆ, ಪರಿಣತರ ಉತ್ತರ: ಅಮೆರಿಕದ ಹಳೆಯ ಬ್ರಯರ್ ಪೈಪುಗಳು

ಈ ಸಲದ ಪ್ರಶ್ನೆಗಳೆಲ್ಲ 1920ರಿಂದ 1960ರ ನಡುವೆ ಅಮೆರಿಕದಲ್ಲಿ ತಯಾರಾದ ತಂಬಾಕಿನ ಪೈಪುಗಳ ಸಂಗ್ರಹ ಮತ್ತು ರಿಪೇರಿ ಬಗ್ಗೆ. ಮೊದಲೇ ಒಂದು ಮಾತು: ಬಾಯಿಗೆ ಇಡುವ ಕರಿ ಭಾಗ ಸ್ಟೆಮ್, ಮರದ ಕುತ್ತಿಗೆ ಶ್ಯಾಂಕ್, ತಂಬಾಕು ತುಂಬುವ ಗುಂಡಿ ಬೌಲ್. ಬ್ರಯರ್ ಎಂದರೆ ಮೆಡಿಟರೇನಿಯನ್ ಸೀಮೆಯ ಒಂದು ಪೊದೆಯ ಬುಡದಲ್ಲಿ ಬೆಳೆಯುವ ಗಂಟು. ಬೆಂಕಿಗೆ ಸುಲಭವಾಗಿ ಬಗ್ಗುವ ಮರವಲ್ಲ ಅದು.

ಪ್ರಶ್ನೆ: ನ್ಯೂಜೆರ್ಸಿಯಲ್ಲಿ ಒಂದು ಮನೆಯ ಹಳೇ ಸಾಮಾನು ಮಾರಾಟದಲ್ಲಿ ಕೇವುಡಿ ಬ್ರ್ಯಾಂಡಿನ ಡ್ರಿಂಕ್‌ಲೆಸ್ ಪೈಪು ಸಿಕ್ಕಿತು. ಸ್ಟೆಮ್ ತಿರುಗಿಸಿ ಬಿಗಿ ಮಾಡಿದರೆ ಅದರ ಮೇಲಿನ ಕ್ಲೋವರ್ ಎಲೆ ಗುರುತು ನೇರಕ್ಕೆ ನಿಲ್ಲದೆ ಸುಮಾರು 20 ಡಿಗ್ರಿ ದಾಟಿ ಹೋಗುತ್ತದೆ. ಮಧ್ಯೆ ಒಂದು ತೆಳ್ಳನೆ ವಾಷರ್ ಕೂರಿಸಬಹುದೇ?

ಬೇಡ. ವಾಷರ್ ಹಾಕಿದರೆ ಗುರುತು ನೇರವಾಗುತ್ತದೆ ನಿಜ, ಆದರೆ ಶ್ಯಾಂಕಿಗೂ ಸ್ಟೆಮ್ಮಿಗೂ ನಡುವೆ ಸಂದು ಉಳಿಯುತ್ತದೆ. ಅಲ್ಲಿ ತೇವ, ಟಾರು ಕೂತು ಗೊಳಗೊಳ ಸದ್ದು ಶುರುವಾಗುತ್ತದೆ.

ಕೇವುಡಿಯಲ್ಲಿ ಸ್ಟೆಮ್ಮಿನ ತುದಿಗೆ ಸ್ಟಿಂಗರ್ ಎಂಬ ಅಲ್ಯೂಮಿನಿಯಂ ತುಂಡು ಇರುತ್ತದೆ: ಹಿಂದೆ ಮರೆ (ತಿರುಗಿಸಿ ಬಿಗಿಯುವ ಸುರುಳಿ ಗೆರೆ), ಮುಂದೆ ತೂತುಗಳಿರುವ ಪುಟ್ಟ ಗುಂಡು. ಶ್ಯಾಂಕಿನೊಳಗೂ ಲೋಹದ ಮರೆಯೇ. ವರ್ಷಗಟ್ಟಲೆ ಬಿಗಿಮಾಡಿ ಬಿಗಿಮಾಡಿ ಸ್ಟಿಂಗರು ಸ್ಟೆಮ್ಮಿನೊಳಗೆ ಕೂತಿರುವ ಜಾಗದಲ್ಲೇ ಸ್ವಲ್ಪ ಜಾರಿರುತ್ತದೆ. ಅದನ್ನು ಹಿಂದಕ್ಕೆ ಜಾರಿಸಬೇಕು, ಅಷ್ಟೇ.

ಮೊದಲು ಶುಚಿ, ಆಮೇಲೆ ಸರಿಪಡಿಸುವುದು. ಈ ಕ್ರಮ ತಪ್ಪಬಾರದು: ಮರೆಯಲ್ಲಿ ಕೂತ ಟಾರು ತೆಗೆದ ಮೇಲೆ ಸ್ಟೆಮ್ ಇನ್ನೂ ಒಂದಿಷ್ಟು ಒಳಗೆ ಹೋಗಿ ಲೆಕ್ಕ ಮತ್ತೆ ತಪ್ಪುತ್ತದೆ. ಲೋಹದ ಭಾಗ ಮಾತ್ರ ಮುಳುಗುವಂತೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒಂದು ಗಂಟೆ ಇಡಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಶ್ಯಾಂಕಿನ ಒಳಮರೆಗೆ ಅದೇ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿ. ಕಡ್ಡಿ ಬೆಳ್ಳಗೇ ಹೊರಬರುವ ತನಕ.

ಈಗ ಸ್ಟಿಂಗರಿನ ಗುಂಡನ್ನು ಲೈಟರಿನ ಜ್ವಾಲೆಯ ತುದಿಗೆ ಹಿಡಿದು 10-15 ಸೆಕೆಂಡ್ ಕಾಯಿಸಿ. ಜ್ವಾಲೆ ಸ್ಟೆಮ್ಮಿನ ಹತ್ತಿರ ಸುಳಿಯಬಾರದು. ಒದ್ದೆ ಬಟ್ಟೆ ಸುತ್ತಿಟ್ಟರೆ ಒಳ್ಳೆಯದು. ಕಾದ ಲೋಹವನ್ನು ಚರ್ಮದ ತುಂಡು ಸುತ್ತಿದ ಇಕ್ಕಳದಲ್ಲಿ ಮೆಲ್ಲಗೆ ಹಿಡಿದು, ಸ್ಟೆಮ್ಮನ್ನು ಬಿಚ್ಚುವ ದಿಕ್ಕಿಗೆ ತಿರುಗಿಸಿ. 20 ಡಿಗ್ರಿ ಎಂದರೆ ಗಡಿಯಾರದ ದೊಡ್ಡ ಮುಳ್ಳು ಮೂರು ನಿಮಿಷದಲ್ಲಿ ಸರಿಯುವಷ್ಟು, ಅದಕ್ಕಿಂತ ಕೊಂಚ ಹೆಚ್ಚು. ಜಾರದಿದ್ದರೆ ಬಲ ಹಾಕಬೇಡಿ, ಇನ್ನೊಮ್ಮೆ ಕಾಯಿಸಿ. ತಣ್ಣಗಿರುವಾಗ ತಿರುಚಿದವರ ಕೈಯಲ್ಲಿ ಸ್ಟಿಂಗರ್ ಮುರಿದು ಅರ್ಧ ಸ್ಟೆಮ್ಮಿನಲ್ಲೇ ಉಳಿಯುತ್ತದೆ. ಸರಿಹೋದ ಮೇಲೆ ಹತ್ತು ನಿಮಿಷ ಮುಟ್ಟದೆ ಬಿಡಿ, ಪೂರ್ತಿ ಆರಲಿ.

ಇನ್ನೊಂದು: ಗುಂಡನ್ನು ಕತ್ತರಿಸಿ ಹಾಕಿದರೆ ಗಾಳಿ ಸರಾಗ ಎಂದು ಸಲಹೆ ಕೊಡುವವರಿದ್ದಾರೆ. ಕೇಳಬೇಡಿ. ನಾಲ್ಕು ತೂತಿನ ಗುಂಡು ಹಳೆಯದು, ಮೂರು ತೂತಿನದು ಆಮೇಲಿನದು. ಕತ್ತರಿಸಿದರೆ ಕಾಲ ಗುರುತಿಸುವ ಒಂದು ಸಾಕ್ಷಿ ಹೋದಂತೆ. ಆದರೆ ಅದೊಂದನ್ನೇ ನಂಬಿಯೂ ಕೂರಬೇಡಿ, ಸ್ಟೆಮ್ ಅದಲುಬದಲಾಗಿರುವ ಪೈಪುಗಳು ಬೇಕಾದಷ್ಟಿವೆ. ಶ್ಯಾಂಕಿನ ಅಚ್ಚನ್ನೂ ನೋಡಿ: ನಾಲ್ಕು ಅಂಕಿಯ ಆಕಾರ ಸಂಖ್ಯೆ ಇದ್ದರೆ ಅದು ಸಾಮಾನ್ಯವಾಗಿ 1930ರ ದಶಕದ್ದು ಅಥವಾ ಅದಕ್ಕೂ ಹಿಂದಿನದು, ಎರಡಂಕಿಯಾದರೆ ಆಮೇಲಿನದು. ಕಾಫ್‌ಮನ್ ಬ್ರದರ್ಸ್ ಅಂಡ್ ಬಾಂಡಿ ಕಂಪನಿ 1919ರಲ್ಲಿ ಶುರು ಮಾಡಿದ ಈ ಹೆಸರು 1955ರಲ್ಲಿ ಎಸ್. ಎಂ. ಫ್ರಾಂಕ್ ಕಂಪನಿಯ ಕೈಗೆ ಹೋಯಿತು.

ಪ್ರಶ್ನೆ: ಸ್ಟೆಮ್ ಹಸಿರುಮಿಶ್ರಿತ ಕಂದು ಬಣ್ಣಕ್ಕೆ ತಿರುಗಿತ್ತು. ಬಟ್ಟೆಗೆ ಹಾಕುವ ಬ್ಲೀಚಿನಲ್ಲಿ ನೆನೆಹಾಕಿದೆ. ಈಗ ಬೂದುಬಣ್ಣಕ್ಕೆ ತಿರುಗಿ ಮುಟ್ಟಿದರೆ ತರಿತರಿ. ಹಾಳಾಯಿತೇ? (ಬೆಂಗಳೂರು)

ಹಾಳಾಗಿಲ್ಲ, ಕೆಲಸ ಹೆಚ್ಚಾಯಿತು. ಇದು ಎಬೊನೈಟ್, ನಮ್ಮ ಹಳೇ ಇಂಕ್ ಪೆನ್ನುಗಳ ಮೈಯೂ ಇದರದ್ದೇ. ರಬ್ಬರಿಗೆ ಗಂಧಕ ಸೇರಿಸಿ ಬೇಯಿಸಿ ಗಟ್ಟಿ ಮಾಡಿದ ವಸ್ತು. ಬೆಳಕು, ತೇವ ತಾಗುತ್ತಾ ಬಂದರೆ ಮೇಲ್ಮೈಯ ಗಂಧಕ ಬಿಟ್ಟುಕೊಂಡು ಕಂದು ಪದರ ಕಟ್ಟುತ್ತದೆ. ಬ್ಲೀಚು ಆ ಪದರವನ್ನು ತಿನ್ನುವ ಜೊತೆಗೆ ಕೆಳಗಿನ ಒಳ್ಳೆಯ ರಬ್ಬರನ್ನೂ ತಿಂದು ಗುಳಿ ಮಾಡುತ್ತದೆ.

ಹಲ್ಲಿನ ಗುರುತಿದ್ದರೆ ಅದು ಮೊದಲು. ಕುದಿಯುವ ನೀರಿನಲ್ಲಿ ಸ್ಟೆಮ್ಮಿನ ತುದಿಯನ್ನು ಎರಡು ಮೂರು ನಿಮಿಷ ಅದ್ದಿದರೆ ಎಬೊನೈಟ್ ತನ್ನ ಮೊದಲಿನ ಆಕಾರಕ್ಕೆ ಮರಳಲು ನೋಡುತ್ತದೆ; ಕಚ್ಚಿದ ತಗ್ಗು ಅರ್ಧಕ್ಕರ್ಧ ಮೇಲೆದ್ದು ಬರುತ್ತದೆ. ಬಾಗಿದ ಸ್ಟೆಮ್ ಆದರೆ ಎಚ್ಚರ, ಬಾಗೂ ನೆಟ್ಟಗಾಗುತ್ತದೆ, ಆದ್ದರಿಂದ ತುದಿ ಮಾತ್ರ. ಬಿಸಿನೀರು ಕಂದು ಬಣ್ಣವನ್ನು ಹೆಚ್ಚಿಸುತ್ತದೆ. ಹೇಗೂ ಉಜ್ಜುವುದಿದೆ, ಚಿಂತೆಯಿಲ್ಲ. ಉಳಿದ ತಗ್ಗಿಗೆ ಫೆವಿಕ್ವಿಕ್ಕಿನಂಥ ಅಂಟಿಗೆ ನುಣ್ಣನೆ ಇದ್ದಿಲ ಪುಡಿ ಕಲಸಿ ತುಂಬಿ, ಒಂದು ರಾತ್ರಿ ಬಿಡಿ.

ಉಜ್ಜಲು ಹಾರ್ಡ್‌ವೇರ್ ಅಂಗಡಿಯ ವಾಟರ್ ಪೇಪರ್ ಸಾಕು. ನಿಮ್ಮ ಸ್ಟೆಮ್ಮಿಗೆ 400ರಿಂದ ಶುರು, ಆಮೇಲೆ 600, 1000, 2000, ಪ್ರತಿಸಲ ನೀರು ಹಚ್ಚಿಕೊಂಡು. ಇದನ್ನು ಕಣ್ಣಿಟ್ಟು ನೋಡಿ: ಮೊದಲು ಬೆರಳಿಗೆ ಅಂಟುವ ರಾಡಿ ಚಹಾ ಬಣ್ಣದ್ದು, ಗಂಧಕದ ವಾಸನೆಯೂ ಬರುತ್ತದೆ. ಉಜ್ಜುತ್ತಾ ಉಜ್ಜುತ್ತಾ ರಾಡಿ ಕಪ್ಪಾದರೆ ಒಳ್ಳೆಯ ರಬ್ಬರು ಸಿಕ್ಕಿತು ಎಂದರ್ಥ. ಕಂದು ರಾಡಿ ಇರುವಾಗಲೇ 600ಕ್ಕೆ ಜಿಗಿದರೆ, ಪಾಲಿಶ್ ಹೊಡೆದ ಮೇಲೆ ಕಿಟಕಿ ಬೆಳಕಿನಲ್ಲಿ ಕಂದು ಮಚ್ಚೆ ಎದ್ದು ಕಾಣುತ್ತದೆ, ಮತ್ತೆ 400ರಿಂದಲೇ ಶುರು.

ಸ್ಟೆಮ್ ಶ್ಯಾಂಕಿಗೆ ಸೇರುವ ಅಂಚು ದುಂಡಗಾಗಬಾರದು. ಹಳೇ ಪ್ಲಾಸ್ಟಿಕ್ ಕಾರ್ಡಿನಿಂದ ನಾಣ್ಯದಷ್ಟು ಬಿಲ್ಲೆ ಕತ್ತರಿಸಿ, ನಡುವೆ ತೂತು ಕೊರೆದು ಸಂದಿಗೆ ಸೇರಿಸಿಕೊಂಡು ಉಜ್ಜಿ. ಕಂಪನಿಯ ಗುರುತಿನ ಸುತ್ತ 1000ಕ್ಕಿಂತ ಒರಟು ಕಾಗದ ತಾಗಿಸಬೇಡಿ. ಕೊನೆಗೆ ಕಾರ್ನೂಬಾ ಮೇಣ ತೆಳ್ಳಗೆ. ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲಿ ಇಟ್ಟರೆ ಮಾಡಿದ್ದೆಲ್ಲ ವ್ಯರ್ಥ.

ಪ್ರಶ್ನೆ: ಬೌಲಿನೊಳಗೆ ಕರಿ ದಪ್ಪಗೆ ಕಟ್ಟಿದೆ, ವಾಸನೆ ಹೋಗುತ್ತಿಲ್ಲ. ಚಾಕುವಿನಲ್ಲಿ ಕೆರೆದೆ. ಒಳಗೋಡೆಯಲ್ಲಿ ಸಣ್ಣ ಸಣ್ಣ ಬಿರುಕು ಕಾಣುತ್ತಿವೆ. (ಮೈಸೂರು)

ಚಾಕು ಕೆಳಗಿಡಿ, ದುಂಡಗಿನ ಗೋಡೆ ಅದರಿಂದ ಪಟ್ಟೆಪಟ್ಟೆಯಾಗುತ್ತದೆ. ಬೆರಳು ದಪ್ಪದ ಕೋಲಿಗೆ 120 ನಂಬರಿನ ಉಜ್ಜುಕಾಗದ ಸುತ್ತಿ ತಿರುಗಿಸಿ. ಸೇದುವವರು 1ರಿಂದ 1.5 ಮಿಲಿಮೀಟರ್ ಕರಿ ಉಳಿಸಿಕೊಳ್ಳುತ್ತಾರೆ. ಅದಕ್ಕಿಂತ ದಪ್ಪವಾದರೆ ಕಾದಾಗ ಕರಿ ಮರಕ್ಕಿಂತ ಹೆಚ್ಚು ಹಿಗ್ಗಿ ಬೌಲನ್ನೇ ಸೀಳುತ್ತದೆ. ಕಪಾಟಿನಲ್ಲಿಡುವುದಕ್ಕಾದರೆ ಪೂರ್ತಿ ತೆಗೆಯಿರಿ, ಬಿರುಕು ಸ್ಪಷ್ಟವಾಗಿ ಕಾಣುತ್ತದೆ.

ವಾಸನೆಗೆ ಹತ್ತಿ ಉಪಾಯ. ಬೌಲಿನ ತುಂಬ ಹತ್ತಿ ತುರುಕಿ, ಡ್ರಾಪರಿನಲ್ಲಿ ಆಲ್ಕೊಹಾಲ್ ತೊಟ್ಟಿಕ್ಕುತ್ತಾ ಹತ್ತಿ ಒದ್ದೆಯಾದ ಕೂಡಲೇ ನಿಲ್ಲಿಸಿ, ರಾತ್ರಿಯಿಡೀ ಬಿಡಿ. ಬೆಳಗ್ಗೆ ಹತ್ತಿ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿರುತ್ತದೆ. ಎರಡು ಮೂರು ಸಲ ಬೇಕಾದೀತು. ಔಷಧಿ ಅಂಗಡಿಯ 70 ಶೇಕಡದ್ದರಲ್ಲಿ ನೀರು ಜಾಸ್ತಿ. ಎಲೆಕ್ಟ್ರಾನಿಕ್ಸ್ ಅಂಗಡಿಯ 99 ಶೇಕಡದ್ದು ತನ್ನಿ. ಹೊರಮೈಗೆ ಒಂದು ತೊಟ್ಟೂ ಬೀಳಬಾರದು, ಬಣ್ಣ ಎದ್ದುಹೋಗುತ್ತದೆ. ಅಕ್ರಿಲಿಕ್ ಸ್ಟೆಮ್ಮಿಗೂ ತಾಗಿಸಬೇಡಿ, ಒಳಗೆ ಕೂದಲೆಳೆಯ ಸೀಳು ಬಿಡುತ್ತದೆ.

ಬಿರುಕಿಗೆ ಉಗುರು ತಾಗಿಸಿ ನೋಡಿ. ಉಗುರು ಸಿಕ್ಕಿಕೊಳ್ಳದಿದ್ದರೆ ಅದು ಬರೀ ಶಾಖದ ಗೆರೆ. ಕಡ್ಡಿಯಿಂದ ಒತ್ತಿದಾಗ ಮರ ಮೆತ್ತಗೆ ಪುಡಿಯಾದರೆ ಅಲ್ಲಿ ಒಳಗೇ ಸುಟ್ಟಿದೆ, ಅಂಥ ಪೈಪು ಕಪಾಟಿಗೇ ಸರಿ. ಬರೀ ಗೆರೆಗಳಾದರೆ ಒಂದು ಲೇಪನವಿದೆ, ಅಮೆರಿಕದ ರಿಪೇರಿಗಾರರು ಹುಳಿ ಕೆನೆಯಲ್ಲಿ ಮಾಡುತ್ತಾರೆ, ನಮಗೆ ಮೊಸರು ಇದೆ. ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಗಟ್ಟಿ ಮೊಸರು ಒಂದು ಚಮಚ, ಔಷಧಿ ಅಂಗಡಿಯ ಆಕ್ಟಿವೇಟೆಡ್ ಇದ್ದಿಲ ಪುಡಿ ಅರ್ಧ ಚಮಚ, ಕಾಡಿಗೆಯಷ್ಟು ಮಂದವಾಗುವಂತೆ ಕಲಸಿ. ಗಾಳಿತೂತಿಗೆ ಪೈಪ್ ಕ್ಲೀನರ್ ತೂರಿಸಿಟ್ಟುಕೊಂಡೇ ಬೆರಳಿನಿಂದ ತೆಳ್ಳಗೆ ಸವರಿ, 48 ಗಂಟೆ ಒಣಗಿಸಿ. ಮಳೆಗಾಲದಲ್ಲಿ ನಾಲ್ಕು ದಿನ.

ಯೆಲ್ಲೋ ಬೋಲ್ ಪೈಪು ಬಳಸದೆ ಇದ್ದದ್ದು ಸಿಕ್ಕರೆ ಒಳಗಿನ ಹಳದಿ ಲೇಪನ ಮುಟ್ಟಲೇಬೇಡಿ. ಜೇನು ಸೇರಿಸಿದ ಆ ಲೇಪನವೇ 1932ರಿಂದ ಆ ಬ್ರ್ಯಾಂಡಿನ ಹೆಗ್ಗುರುತು.

ಪ್ರಶ್ನೆ: ಶ್ಯಾಂಕಿನ ತುದಿಯಲ್ಲಿ ಸೀಳು. ಅಂಟು ಹಾಕಿದರೆ ಸಾಕೇ?

ಸಾಲದು. ಸೀಳು ಮುಗಿಯುವ ತುದಿ ಹುಡುಕಿ ಅಲ್ಲೊಂದು ಅರ್ಧ ಮಿಲಿಮೀಟರ್ ತೂತು ಕೊರೆಯಿರಿ; ಇಲ್ಲವಾದರೆ ಸೀಳು ಮುಂದೆ ಓಡುತ್ತದೆ. ತೆಳು ಅಂಟು ಇಳಿಬಿಟ್ಟು, ಹೊರಗಿನಿಂದ ಹಿತ್ತಾಳೆ ಬಳೆ ಹಾಕಿಸಿ.

ಪ್ರಶ್ನೆ: ಸಂಗ್ರಹ ಈಗಷ್ಟೇ ಶುರು. ಮೊದಲು ಯಾವುದು ಕೊಳ್ಳಲಿ? ಅಚ್ಚು ಮಾಸಿದ ಪೈಪು ಬಿಡಬೇಕೇ?

ಕೈ ಪಳಗಲು ಡಾಕ್ಟರ್ ಗ್ರಾಬೋ, ಮೆಡಿಕೊ, ಯೆಲ್ಲೋ ಬೋಲ್. ಅಗ್ಗದವು, ಬೇಕಾದಷ್ಟು ಸಿಗುತ್ತವೆ. ಗ್ರಾಬೋವನ್ನು ಮೊದಲು ಮಾಡಿದ್ದು ಷಿಕಾಗೋದ ಲಿಂಕ್‌ಮನ್ ಕಂಪನಿ. ಯಂತ್ರದಲ್ಲಿ ಒಮ್ಮೆ ಸೇದಿಸಿಯೇ ಮಾರುತ್ತಿದ್ದರು, ಹಾಗಾಗಿ ಒಳಗೆ ತುಸು ಕಪ್ಪಿದ್ದರೆ ಬಳಸಿದ್ದು ಎಂದುಕೊಳ್ಳಬೇಡಿ. ಎರಡನೇ ಮಹಾಯುದ್ಧದಲ್ಲಿ ಮೆಡಿಟರೇನಿಯನ್ ಬ್ರಯರ್ ಬರುವುದು ನಿಂತಾಗ ಕ್ಯಾಲಿಫೋರ್ನಿಯಾದ ಮಾಂಜನೀಟಾ ಗಂಟಿನಿಂದ ಮಾಡಿದ ಪೈಪುಗಳು ‘ಮಿಷನ್ ಬ್ರಯರ್’ ಹೆಸರಿನಲ್ಲಿ ಬಂದವು. ಸಿಕ್ಕರೆ ಬಿಡಬೇಡಿ, ಬ್ರಯರ್ ಅಲ್ಲದಿದ್ದರೂ.

ಅಚ್ಚು ಮಾಸಿದೆ ಎಂದು ತೀರ್ಮಾನಿಸುವ ಮೊದಲು ಅದರ ಮೇಲೆ ಚಿಟಿಕೆ ಟಾಲ್ಕಮ್ ಪೌಡರ್ ಸವರಿ, ಒಣ ಬೆರಳಿನಿಂದ ಒರೆಸಿ, ಕತ್ತಲ ಕೋಣೆಯಲ್ಲಿ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಟ್ಟು ನೋಡಿ. ಅಕ್ಷರಗಳ ತಗ್ಗಿನಲ್ಲಿ ಪೌಡರು ಉಳಿದಿರುತ್ತದೆ. ಮಾಸಿದ ಅಚ್ಚುಗಳಲ್ಲಿ ಹೆಚ್ಚಿನವು ಸವೆದದ್ದಲ್ಲ, ಯಾರೋ ಪಾಲಿಶ್ ಚಕ್ರಕ್ಕೆ ಒತ್ತಿ ಹಿಡಿದು ಅಳಿಸಿದ್ದು. ನೀವು ಚಕ್ರ ಬಳಸುವುದಾದರೆ ಅಚ್ಚಿರುವ ಆ ಎರಡು ಅಂಗುಲದ ಮೇಲೆ ಮಾಸ್ಕಿಂಗ್ ಟೇಪ್ ಸುತ್ತಿ, ಅಲ್ಲಿಗೆ ಮೇಣವನ್ನು ಕೈಯಿಂದಲೇ ಹಚ್ಚಿ.